ಬಾಲೇವಾಡಿಗೆ ಹೋಗುವ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಪುಣೆಯ ಕನ್ನಡದ ಮನೆಗಳಿಂದ ಬೆಳಗಿನ ಜಾವವೇ ಮಕ್ಕಳನ್ನು ಬಾಲೇವಾಡಿ ಕ್ರೀಡಾಸಂಕುಲಕ್ಕೆ ಕರೆದೊಯ್ಯುವವರೇ, ಹದಿಮೂರರ ವಯಸ್ಸಿನ ಪದಕ ನೋಡಿ ಓದು ಬಿಡಿಸಬೇಡಿ. ಆ ವಯಸ್ಸಿನಲ್ಲಿ ಎಷ್ಟೋ ಸಲ ಬೇಗ ಬೆಳೆದ ಮೈಯೇ ಗೆಲ್ಲಿಸಿರುತ್ತದೆ. ಓರಗೆಯವರೂ ಬೆಳೆದ ಮೇಲೆ ಲೆಕ್ಕವೇ ಬೇರೆ. ಆಟದ ಜೊತೆ ಓದೂ ಸಾಗುತ್ತದೆ: ನಮ್ಮ ಕ್ರಿಕೆಟಿಗ ಅನಿಲ್ ಕುಂಬ್ಳೆ 1990ರಲ್ಲಿ ಟೆಸ್ಟ್ ಆಡಿದ ಮೇಲೂ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು.

ಪಂದ್ಯ ಪರೀಕ್ಷೆಗೆ ಅಡ್ಡ ಬಂದರೆ ದಾರಿಗಳಿವೆ. ರಾಷ್ಟ್ರೀಯ, ಅಂತರರಾಷ್ಟ್ರೀಯ ಕೂಟಗಳಿಗೆ ಹೋಗುವ 10, 12ನೇ ತರಗತಿಯವರಿಗೆ ಸಿಬಿಎಸ್‌ಇ ಬೇರೆ ದಿನ ಪರೀಕ್ಷೆಗೆ ಅವಕಾಶ ಕೊಡುತ್ತದೆ. ಶಾಲೆಯ ಮೂಲಕ ಮೊದಲೇ ಕೇಳಿಕೊಳ್ಳಿ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ (ಎನ್‌ಐಒಎಸ್) ವಿಷಯಗಳನ್ನು 5 ವರ್ಷಗಳೊಳಗೆ ಬಿಡಿಬಿಡಿಯಾಗಿ ಮುಗಿಸಬಹುದು.

ಈ ವಾರವೇ ಕೋಚ್ ಮತ್ತು ಟೀಚರನ್ನು ಒಟ್ಟಿಗೆ ಕಂಡು, ಪಂದ್ಯ-ಪರೀಕ್ಷೆಗಳೆರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಟ್ಯೂಷನ್ನಿಗಾಗಿ ಮಗುವಿನ ನಿದ್ದೆ ಮಾತ್ರ ಕತ್ತರಿಸಬೇಡಿ.