ಮಳೆಗಾಲದ ಕಡಲಿಗೆ ಹೊರಡುವ ಮುನ್ನ ಹಿಮ್ಮಡಿ ನೋಡಿಕೊಳ್ಳಿ

ಜುಲೈ ಬಂತೆಂದರೆ ನಮ್ಮ ರಾಯಚೂರು ಕಡೆಯ ಯುವಕರಿಗೆ ಕಡಲಿನ ನೆನಪಾಗುತ್ತದೆ. ಇಲ್ಲಿ ವರ್ಷವಿಡೀ ಬೀಳುವ ಮಳೆ 600ರಿಂದ 700 ಮಿಲಿಮೀಟರ್. ಭಟ್ಕಳ, ಹೊನ್ನಾವರದ ಕಡೆ ಅದು 3000 ದಾಟುತ್ತದೆ. ಬಿಸಿಲಲ್ಲಿ ಬೆಂದವರಿಗೆ ಆ ಮಳೆಯನ್ನು ನೋಡುವುದೇ ಸಂಭ್ರಮ. ನಾಲ್ಕೈದು ಗೆಳೆಯರು ಸೇರಿ ಗಾಡಿ ಮಾಡಿಕೊಂಡು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ ಸಿಗುತ್ತದೆ. ಹೋಗಬೇಡಿ ಎನ್ನಲು ನಾನು ಬರೆಯುತ್ತಿಲ್ಲ. ಮಲ್ಲಟದಿಂದ ನಾವು ಐವರು ಹಾಗೆಯೇ ಹೋಗಿ ಬಂದೆವು. ಆಗ ಕಲಿತದ್ದನ್ನು ಹೇಳುತ್ತೇನೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದು ಗಾಳಿ. ನಮ್ಮ ಗಾಳಿಯ ಮಿಜಾಜ್ ಉಷ್ಣ ಮತ್ತು ಶುಷ್ಕ, ಮಳೆಗಾಲದ ಕರಾವಳಿಯದು ಶೀತ ಮತ್ತು ಆರ್ದ್ರ. ಒಂದೇ ರಾತ್ರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದಾಗ ನೆಗಡಿ, ಗಂಟಲು ಕೆರೆತ, ಹೊಟ್ಟೆ ಮಂದವಾಗುವುದು ಸಹಜ. ಇದಕ್ಕೆ ಶುಂಠಿ ಹಾಕಿದ ಬಿಸಿ ಚಹಾ, ಕುದಿಸಿದ ನೀರು, ರಾತ್ರಿ ಹಗುರ ಊಟ ಸಾಕು. ನಿಜವಾದ ಅಪಾಯಗಳು ಬೇರೆಯೇ ಇವೆ.

ಮೊದಲನೆಯದು ಕಡಲೇ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಡಲನ್ನೇ ನಂಬಿ ಬದುಕುವವರು ದಡದಲ್ಲಿ ಕುಳಿತಿರುವಾಗ, ಕಾಲುವೆಯಲ್ಲಿ ಈಜು ಕಲಿತ ನಾವು ಅಲೆಗೆ ಇಳಿಯುವುದು ಯಾವ ಧೈರ್ಯ? ಅಲೆಗಳ ನಡುವೆ ಶಾಂತವಾಗಿ ಕಾಣುವ ಜಾಗದಲ್ಲೇ ಹಲವು ಸಲ ನೀರು ಒಳಕ್ಕೆ ಸೆಳೆಯುತ್ತಿರುತ್ತದೆ. ಗೋಕರ್ಣದ ಓಂ ಬೀಚಿನಂಥ ಕಡೆ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಚಪ್ಪಲಿ ನಿಲ್ಲುವುದಿಲ್ಲ. ಮಳೆಗಾಲ ಮುಗಿದರೂ ಎಚ್ಚರ ಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ಹೆಣ್ಣುಮಕ್ಕಳು ನೀರುಪಾಲಾದರು.

ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲೊಬ್ಬ ಗೆಳೆಯ ರೈತ. ಎರೆಹೊಲದವರಿಗೆಲ್ಲ ಇರುವಂತೆ ಅವನ ಹಿಮ್ಮಡಿಗಳಲ್ಲೂ ಬಿರುಕು. ಭಟ್ಕಳದಲ್ಲಿ ರಸ್ತೆಯ ಮೇಲೆ ಮೊಣಕಾಲುದ್ದ ನೀರು ನಿಂತಿದ್ದಾಗ, ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತಾ ದಾಟಿದ. ಊರಿಗೆ ಬಂದ ಒಂಬತ್ತನೆಯ ದಿನ ಅವನಿಗೆ ಚಳಿಜ್ವರ ಬಂತು. ಮಳೆಯಲ್ಲಿ ನೆನೆದ ಜ್ವರವೆಂದುಕೊಂಡು ನಾನು ಜೋಶಾಂದಾ ಕೊಟ್ಟೆ. ತಪ್ಪಿದ್ದು ಅಲ್ಲೇ. ಒಂಬತ್ತು ದಿನದ ಹಿಂದಿನ ಮಳೆಗೆ ಈಗ ಜ್ವರ ಹೇಗೆ ಎಂದು ನಾನು ಕೇಳಿಕೊಳ್ಳಲಿಲ್ಲ. ಮೂರನೆಯ ದಿನ ಅವನ ಕಣ್ಣು ಕೆಂಪಾಗಿತ್ತು, ಮೀನಖಂಡ ಮುಟ್ಟಿದರೆ ಚೀರುತ್ತಿದ್ದ, ಮೂತ್ರ ಕಡು ಹಳದಿಯಾಗಿ ಕಡಿಮೆಯಾಗಿತ್ತು. ಕೂಡಲೇ ರಾಯಚೂರಿಗೆ ಸಾಗಿಸಿದೆವು. ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಎಂದು ಗೊತ್ತಾಯಿತು. ಆಂಟಿಬಯೋಟಿಕ್ ಇಂಜೆಕ್ಷನ್‌ಗಳಿಂದ ಗುಣವಾದ, ಅಲ್‌ಹಮ್ದುಲಿಲ್ಲಾಹ್. ಆದರೆ ಅಷ್ಟರಲ್ಲಿ ಮೂತ್ರಪಿಂಡಕ್ಕೆ ತೊಂದರೆ ಶುರುವಾಗಿತ್ತು.

ಇಲಿ, ದನ, ನಾಯಿಗಳ ಮೂತ್ರದಿಂದ ಈ ರೋಗಾಣು ನಿಂತ ನೀರಿಗೆ ಸೇರುತ್ತದೆ. ಗಾಯ, ಬಿರುಕು ಅಥವಾ ನೆನೆದು ಮೆತ್ತಗಾದ ಚರ್ಮದ ಮೂಲಕ ಒಳಹೊಗುತ್ತದೆ. ಜ್ವರ ಸಾಮಾನ್ಯವಾಗಿ ಒಂದೆರಡು ವಾರದ ನಂತರ ಬರುತ್ತದೆ, ಕೆಲವರಿಗೆ ತಿಂಗಳೂ ಆಗಬಹುದು. ಅಷ್ಟರಲ್ಲಿ ಪ್ರವಾಸದ ಫೋಟೋ ನೋಡುವುದನ್ನೂ ಬಿಟ್ಟಿರುತ್ತೇವೆ, ವೈದ್ಯರಿಗೆ ಹೇಳುವ ನೆನಪೂ ಇರುವುದಿಲ್ಲ. ಕರಾವಳಿಗೆ ಹೋಗದವರಿಗೂ ಇದು ತಪ್ಪಿದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬರಿಗಾಲಲ್ಲಿ ಭತ್ತ ನಾಟಿ ಮಾಡುವ ನಮ್ಮ ಹೆಣ್ಣುಮಕ್ಕಳಿಗೂ ಬರಬಹುದು.

ಆದ್ದರಿಂದ ಪ್ರವಾಸಕ್ಕೆ ಎರಡು ವಾರ ಮುಂಚಿನಿಂದ ಹಿಮ್ಮಡಿ ನೋಡಿಕೊಳ್ಳಿ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಜೇನುಮೇಣವನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಮಾಡಿದ ಮುಲಾಮು ಹಚ್ಚಿ. ಹಕೀಮರು ಇದನ್ನು ಖೈರೂತಿ ಎನ್ನುತ್ತಾರೆ. ಬಿರುಕು ಮಾಯದಿದ್ದರೆ ನಿಂತ ನೀರಿಗೆ ಕಾಲಿಡಬೇಡಿ. ಇಡಲೇಬೇಕಾದರೆ ಗಂಬೂಟು ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ಅಂಗಾಲು ನೋಡಿಕೊಳ್ಳಲೇಬೇಕು, ಅವರಿಗೆ ಗಾಯದ ನೋವೇ ತಿಳಿಯದಿರಬಹುದು.

ವುಝೂ ಮಾಡುವಾಗ ಕಾಲ್ಬೆರಳ ಸಂದಿಗಳನ್ನು ಖಿಲಾಲ್ ಮಾಡುವುದು ಸುನ್ನತ್. ಅದರಿಂದ ಸಂದಿಯ ಕೆಸರು ಹೋಗುತ್ತದೆ. ಆದರೆ ದಿನಕ್ಕೆ ಐದು ಸಲ ತೊಳೆದ ಕಾಲನ್ನು ಹಾಗೆಯೇ ಒದ್ದೆ ಬೂಟಿಗೆ ತುರುಕಿದರೆ ಸಂದಿಯ ಚರ್ಮ ಬಿಳಿಚಿಕೊಂಡು ಕೊಳೆಯುತ್ತದೆ, ತುರಿಕೆ ಹಿಡಿಯುತ್ತದೆ. ಒಂದು ಸಣ್ಣ ಟವೆಲ್ ಕಾಲಿಗೆಂದೇ ಇಟ್ಟುಕೊಳ್ಳಿ. ಸಂದಿ ಒಣಗಿದ ಮೇಲೆ ಚಪ್ಪಲಿ ಹಾಕಿ. ಮಳೆಗಾಲದಲ್ಲಿ ಬೂಟಿಗಿಂತ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ವಾಸಿ.

ಊರಿಗೆ ಮರಳಿದ ಒಂದು ತಿಂಗಳೊಳಗೆ ಜ್ವರ ಬಂದರೆ ನನ್ನಂಥವರ ಜೋಶಾಂದಾ ನಂಬಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ, ಮಲೇರಿಯಾ ಕೂಡ ಹೀಗೇ ಶುರುವಾಗುತ್ತವೆ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ನುಂಗಬೇಡಿ. ವೈದ್ಯರು ಕೇಳದಿದ್ದರೂ, "ಇಂಥ ದಿನ ಇಂಥ ಊರಲ್ಲಿ ನಿಂತ ನೀರಲ್ಲಿ ನಡೆದಿದ್ದೆ" ಎಂದು ನೀವಾಗಿಯೇ ಹೇಳಿ.