ಏಳು ದಿನದ ಬಿಳುಪು: ಮದುವೆ ಹೆಣ್ಣಿಗೆ ಚಿಕ್ಕಮ್ಮನ ಕಾಗದ

ಚಿ. ಪುಟ್ಟಿಗೆ,

ನಿನ್ನ ಹೆಸರಿಗೆ ಬರೆದ ಕಾಗದವನ್ನು ಚಿಕ್ಕಮ್ಮ ಪತ್ರಿಕೆಗೆ ಕೊಟ್ಟಳೆಂದು ಬೇಜಾರು ಮಾಡಿಕೊಳ್ಳಬೇಡ. ಶಿರಾ, ಕೊರಟಗೆರೆ, ಪಾವಗಡದ ಕಡೆಯ ಎಷ್ಟೋ ಮದುವೆ ಹೆಣ್ಣುಗಳು ನೀನು ಹಚ್ಚುತ್ತಿರುವಂಥದೇ ಬಿಳುಪಿನ ಕ್ರೀಮಿನ ಡಬ್ಬಿ ಹಿಡಿದುಕೊಂಡು ಮಧುಗಿರಿಯ ಈ ಪಾರ್ಲರಿಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಚಿಕ್ಕಮ್ಮನ ಗಂಟಲು ಬಿದ್ದುಹೋಗಿದೆ.

ಮೊದಲು ಬೈಗುಳ. ಡಬ್ಬಿಯ ಮೇಲೆ ಕಂಪನಿಯ ಹೆಸರಿಲ್ಲ, ಒಳಗೇನಿದೆ ಎಂಬ ಪಟ್ಟಿಯಿಲ್ಲ, ಬ್ಯಾಚ್ ನಂಬರಿಲ್ಲ, ತಾರೀಕಿಲ್ಲ. ಗೆಳತಿ ಕೊಟ್ಟಳೆಂದು ಅದನ್ನು ರಾತ್ರಿ ಹಚ್ಚಿಕೊಂಡು ಮಲಗುತ್ತೀಯಂತೆ. ಬಿ.ಎಸ್ಸಿ. ಓದಿದವಳು! ಬಿಸ್ಕತ್ತಿನ ಪೊಟ್ಟಣ ತಗೊಂಡರೂ ತಿರುಗಿಸಿ ತಾರೀಕು ನೋಡುವವಳಿಗೆ ಮುಖದ ವಿಷಯದಲ್ಲಿ ಬುದ್ಧಿ ಎಲ್ಲಿ ಹೋಯಿತು? "ಏಳೇ ದಿನಕ್ಕೆ ಬಿಳಿಯಾದೆ ಚಿಕ್ಕಮ್ಮ" ಎಂದು ಫೋನಿನಲ್ಲಿ ಕುಣಿದೆಯಲ್ಲ, ಹೆದರಿಕೆ ಹುಟ್ಟಿಸಿದ್ದೇ ಆ ಮಾತು.

ಚರ್ಮದ ಮೇಲ್ಪದರದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಒಳ್ಳೆಯ ಔಷಧವೇ ಆದರೂ ಮೊಡವೆ ಹತೋಟಿಗೆ ಬರಲು 6ರಿಂದ 8 ವಾರ ಹಿಡಿಯುತ್ತದೆ, ಬಂಗು ತಿಳಿಯಾಗಲು ತಿಂಗಳುಗಟ್ಟಲೆ. ಏಳು ದಿನಕ್ಕೆ ಬಿಳುಪು ಬಂತೆಂದರೆ ಮೊದಲು ಅನುಮಾನ ಪಡಬೇಕಾದ್ದು ಸ್ಟೀರಾಯ್ಡ್ ಮೇಲೆ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಮುಂತಾದವು ಎಕ್ಸಿಮಾ, ಸೋರಿಯಾಸಿಸ್‌ನಂಥ ಕಾಯಿಲೆಗೆ ಡಾಕ್ಟರು ಇಷ್ಟು ದಿನ, ಇಷ್ಟೇ ಎಂದು ಲೆಕ್ಕ ಹಾಕಿ ಕೊಡುವ ಔಷಧಗಳು. ಹಚ್ಚಿದಾಗ ಚರ್ಮದ ಸಣ್ಣ ರಕ್ತನಾಳಗಳು ಮುದುಡುತ್ತವೆ. ಮುಖ ಬಿಳಿಚಿಕೊಳ್ಳುತ್ತದೆ, ಮೊಡವೆಯ ಕೆಂಪೂ ಇಳಿಯುತ್ತದೆ. ಎಲ್ಲರೂ "ಏನೇ, ಮದುವೆ ಕಳೆ ಬಂದಿದೆ" ಎನ್ನುತ್ತಾರೆ.

ಆಮೇಲಿನದನ್ನು ಯಾರೂ ಹೇಳುವುದಿಲ್ಲ. ಹಚ್ಚುತ್ತಾ ಹೋದಂತೆ ಚರ್ಮ ತೆಳ್ಳಗಾಗುತ್ತದೆ. ಕೆನ್ನೆಯ ಮೇಲೆ ಕೆಂಪು ಗೆರೆಗಳು ಕಾಣುತ್ತವೆ, ಗಲ್ಲದಲ್ಲಿ ಕೂದಲು ಹುಟ್ಟುತ್ತದೆ, ಒಂದೇ ಥರದ ಸಣ್ಣ ಗುಳ್ಳೆಗಳು ಏಳುತ್ತವೆ. ಬಿಸಿಲಿಗೆ ಹೋದರೆ ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿ. ಬಿಟ್ಟರೆ ಮುಖ ಕೆಂಪಗೆ ಊದಿಕೊಂಡು ಉರಿ ಇನ್ನೂ ಹೆಚ್ಚುತ್ತದೆ. ತಡೆಯಲಾಗದೆ ಮತ್ತೆ ಹಚ್ಚುತ್ತಾರೆ, ಅಲ್ಲಿಗೆ ಅದು ಚಟ. ಇಂಥ ಮುಖಗಳು ಎಷ್ಟು ಹೆಚ್ಚಾದವೆಂದರೆ ಚರ್ಮವೈದ್ಯರ ಸಂಘದವರು ಇದರ ವಿರುದ್ಧ ಕಾರ್ಯಪಡೆಯನ್ನೇ ಮಾಡಿಕೊಂಡರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳದೆ ಕೊಡುವ ಅಂಗಡಿಗಳು ಈಗಲೂ ಇವೆ.

ಸ್ಟೀರಾಯ್ಡ್ ಅಲ್ಲದಿದ್ದರೆ ಪಾದರಸವೂ ಇರಬಹುದು. ನಮ್ಮ ಕಾನೂನಿನ ಪ್ರಕಾರ ಮುಖದ ಕ್ರೀಮಿನಲ್ಲಿ ಅದು ತಾನಾಗಿ ಬೆರೆತುಬಂದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಕಿಡ್ನಿ ಡಾಕ್ಟರುಗಳು ಒಂದೇ ಬಗೆಯ ಕಾಯಿಲೆ ಹೊತ್ತು ಬಂದವರನ್ನು ವಿಚಾರಿಸುತ್ತಾ ಹೋದಾಗ ಹಲವರ ಮನೆಯಲ್ಲಿ ಸಿಕ್ಕಿದ್ದು ಬಿಳುಪಿನ ಕ್ರೀಮು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿದಿತ್ತು.

ಇಷ್ಟೆಲ್ಲ ಹೇಳುವ ಚಿಕ್ಕಮ್ಮನಿಗೆ ಬಿಳುಪಿನ ಆಸೆ ಗೊತ್ತಿಲ್ಲ ಎಂದುಕೊಳ್ಳಬೇಡ. ನಿಮ್ಮಮ್ಮ ಎಣ್ಣೆಗೆಂಪು, ಚಿಕ್ಕಮ್ಮ ಕಪ್ಪು. ಮದಲೂರಿನ ಹತ್ತಿರದ ನಮ್ಮ ತವರುಮನೆಯ ಗೂಡಿನಲ್ಲಿ ಒಂದು ಫೇರ್ ಅಂಡ್ ಲವ್ಲಿ ಟ್ಯೂಬು ಇರುತ್ತಿತ್ತು. ದೇಶದಲ್ಲಿ 1975ರಿಂದ ಮಾರಾಟವಾಗುತ್ತಿದ್ದ ಅದು ಶಿರಾ ಸಂತೆಯಿಂದ ಮನೆಗೆ ಬಂದರೆ ಕೊನೆಗೆ ಕತ್ತರಿಯಲ್ಲಿ ಸೀಳಿ ಬಳಿದುಕೊಳ್ಳುವ ತನಕ ಬಿಡುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತಾಗ ಮುಖಕ್ಕೆ ಬಳಿದ ಪೌಡರು ಕತ್ತಿನ ಹತ್ತಿರ ನಿಂತುಹೋಗಿತ್ತು. ಬಂದವರಲ್ಲಿ ಒಬ್ಬ ಹೆಂಗಸು ಸೆರಗಿನ ಅಂಚು ಸರಿಸಿ ಕತ್ತು ನೋಡಿದಳು, ಏನೂ ಮಾತಾಡಲಿಲ್ಲ. ಮುಂದಿನ ವರ್ಷ ಚಿಕ್ಕಮ್ಮ ತುಮಕೂರಿನ ಒಂದು ಪಾರ್ಲರಿನಲ್ಲಿ ಕೆಲಸ ಕಲಿಯಲು ಸೇರಿದಳು. ಆ ಟ್ಯೂಬಿನ ಹೆಸರಿನಲ್ಲಿದ್ದ 'ಫೇರ್' ಅನ್ನು ಕಂಪನಿಯೇ 2020ರಲ್ಲಿ ಕಿತ್ತು 'ಗ್ಲೋ' ಎಂದು ಹಾಕಿತು. ಹೆಣ್ಣು ನೋಡಲು ಬರುವವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಕಲಿಯಲು ಹೋಗಿದ್ದಕ್ಕೆ ಇನ್ನೊಂದು ಕಾರಣ ನಿಮ್ಮ ತಾತ. ಮುಂಗಾರು ಮುಗಿಯುವ ಹೊತ್ತಿಗೆ ಕಡಲೆಕಾಯಿ ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಎದೆಯುದ್ದ ಬೆಳೆಯುತ್ತಿತ್ತು. ತಾತ ಅದನ್ನು ಬರಿಗೈಯಲ್ಲಿ ಕಿತ್ತು ರಾಶಿ ಹಾಕುತ್ತಿದ್ದರು. ಒಂದು ವರ್ಷ ಅವರ ಕಣ್ಣಿನ ರೆಪ್ಪೆ ದಪ್ಪಗಾಯಿತು, ಕತ್ತಿನ ಮಡಿಕೆ, ಮೊಣಕೈ ಸಂದು ಕಪ್ಪಾಗಿ ಬಿರಿಯಿತು, ರಾತ್ರಿಯಿಡೀ ತುರಿಕೆ. ಶನಿಕಾಟ ಎಂದರು ಜನ. ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬಂದದ್ದಾಯಿತು. ವಾಪಸ್ಸು ಬಂದವರು ಸೀದಾ ಹೊಲಕ್ಕೇ ಹೋದರು, ಮತ್ತೆ ಜಾಸ್ತಿಯಾಯಿತು. ಕೊನೆಗೆ ತುಮಕೂರಿನ ಚರ್ಮದ ಡಾಕ್ಟರೊಬ್ಬರು ರೆಪ್ಪೆ, ಕತ್ತು ನೋಡಿದವರೇ "ಹೊಲದಲ್ಲಿ ಕಾಂಗ್ರೆಸ್ ಗಿಡ ಇದೆಯಾ?" ಎಂದು ಕೇಳಿದರು. ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿಗೆ ಕೆಲವರ ಮೈ ಒಗ್ಗುವುದಿಲ್ಲ. ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದರೂ ಸಾಕು. 1950ರ ದಶಕದಲ್ಲಿ ಪುಣೆಯ ಹತ್ತಿರ ಮೊದಲು ಕಣ್ಣಿಗೆ ಬಿದ್ದ ಈ ಕಳೆಯನ್ನು ತಿನ್ನಿಸಲು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ಮೂಲದ ದುಂಬಿಯನ್ನು ಬಿಟ್ಟಿದ್ದರು. ದುಂಬಿಯೂ ಉಳಿದಿದೆ, ಕಳೆಯೂ ಉಳಿದಿದೆ. ಇವತ್ತಿಗೂ ಯಾರಾದರೂ "ಬಿಸಿಲಿಗೆ ಕಪ್ಪಾಗಿದೀನಿ, ಡಿಟ್ಯಾನ್ ಮಾಡಿ" ಎಂದು ಕೂತರೆ ಚಿಕ್ಕಮ್ಮ ಮೊದಲು ರೆಪ್ಪೆ ಮುಟ್ಟಿ ನೋಡುತ್ತಾಳೆ, ಹೊಲಮನೆ ವಿಚಾರಿಸುತ್ತಾಳೆ.

ಹಲ್ಲಿನಲ್ಲಿ ದಾರ ಕಚ್ಚಿ ಹುಬ್ಬು ತಿದ್ದುವುದು, ಸಕ್ಕರೆ ನಿಂಬೆರಸ ಕುದಿಸಿ ವ್ಯಾಕ್ಸ್ ಮಾಡುವುದು, ಕೈ ಬೆರಳಿನ ಒತ್ತು, ಇವೆಲ್ಲ ತುಮಕೂರಿನಲ್ಲಿ ಸಿಕ್ಕ ವಿದ್ಯೆ. ಯಾರನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಬೇಕು ಎಂಬುದನ್ನು ಮಾತ್ರ ಮಧುಗಿರಿಗೆ ಬಂದು ಸ್ವಂತ ಪಾರ್ಲರ್ ತೆರೆದ ಮೇಲೆ ಕಲಿಯಬೇಕಾಯಿತು. ಪಾವಗಡದ ಕಡೆಯ ಒಬ್ಬ ಹುಡುಗಿ ಕೈಗೆ ವ್ಯಾಕ್ಸ್ ಹಾಕಿಸಿಕೊಳ್ಳುತ್ತಿದ್ದಳು. ಮೇಲಿನಿಂದ ಹಚ್ಚುತ್ತಾ ಬಂದಾಗ "ಬಿಸಿ ಅಕ್ಕಾ, ಬಿಸಿ" ಎಂದು ಕೈ ಎಳೆದುಕೊಳ್ಳುತ್ತಿದ್ದವಳು ಮೊಣಕೈ ಕೆಳಗಿನ ಒಂದು ತಿಳಿ ಮಚ್ಚೆಯ ಮೇಲೆ ಹಚ್ಚಿದಾಗ ಸುಮ್ಮನಿದ್ದಳು. ಅಲ್ಲಿ ಕೂದಲೂ ಕಡಿಮೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಆಡಿಸಿದರೆ ಗೊತ್ತೇ ಆಗಲಿಲ್ಲ. ವ್ಯಾಕ್ಸ್ ಅಲ್ಲಿಗೇ ನಿಲ್ಲಿಸಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದರೆ ಕುಷ್ಠವೆಂದು ಗೊತ್ತಾಯಿತು. ಆರು ತಿಂಗಳ ಪುಕ್ಕಟೆ ಮಾತ್ರೆಗೆ ವಾಸಿಯೂ ಆಯಿತು. 2005ರ ಕೊನೆಗೆ ದೇಶದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು ಘೋಷಿಸಿದ ಮೇಲೆ ಈ ಕಾಯಿಲೆ ಹೋಗೇ ಹೋಯಿತು ಎಂದುಕೊಂಡವರೇ ಹೆಚ್ಚು. ಪಾವಗಡದ ರಾಮಕೃಷ್ಣ ಸೇವಾಶ್ರಮದವರು ವರ್ಷಾನುಗಟ್ಟಲೆ ಇದರ ಕೆಲಸ ಮಾಡಿಕೊಂಡು ಬಂದದ್ದು ಸುಮ್ಮನೆ ಅಲ್ಲ. ಆ ಹುಡುಗಿಯೂ ಆ ಮಚ್ಚೆಯ ಸುತ್ತ ಬಿಳುಪಿನ ಕ್ರೀಮನ್ನೇ ಹಚ್ಚುತ್ತಿದ್ದಳು, ಸುತ್ತಲ ಚರ್ಮ ಬೆಳ್ಳಗಾದರೆ ಮಚ್ಚೆ ಕಾಣುವುದಿಲ್ಲ ಎಂದು.

ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪು ಪಟ್ಟಿ ಇರುವವರೂ ಬರುತ್ತಾರೆ. ಸ್ನಾನ ಸರಿಯಾಗಿ ಮಾಡುವುದಿಲ್ಲವೆಂದು ಮನೆಯಲ್ಲಿ ಬೈಸಿಕೊಂಡು, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿರುತ್ತಾರೆ. ಅದು ಕೊಳೆಯಲ್ಲ. ಮೈಗೆ ಇನ್ಸುಲಿನ್ ಸರಿಯಾಗಿ ಹಿಡಿಯದೆ ಇರುವುದರ ಗುರುತಾಗಿರುವುದೇ ಹೆಚ್ಚು. ಅವರಿಗೆ ಬ್ಲೀಚ್ ಬೇಡ, ಸಕ್ಕರೆ ಪರೀಕ್ಷೆ ಬೇಕು. ಹಣೆಯಲ್ಲಿ ಸ್ಟಿಕ್ಕರ್ ಅಂಟಿಸುವ ಜಾಗವೇ ಗುಂಡಗೆ ಬೆಳ್ಳಗಾದವರು ಬಂದರೆ ಸ್ಟಿಕ್ಕರಿನ ಗೋಂದಿನ ಮೇಲೆ ಅನುಮಾನ ಪಡಬೇಕು. ಅಂಥ ಗೋಂದಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಚರ್ಮದ ಬಣ್ಣ ಮಾಡುವ ಕೋಶಗಳನ್ನೇ ಕೊಲ್ಲಬಲ್ಲದು. ಕಲೆ ಸಾಸಿವೆಯಷ್ಟಿರುವಾಗಲೇ ಸ್ಟಿಕ್ಕರ್ ಬಿಟ್ಟು ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು.

ನೋಡು, ಮಾತು ಎಲ್ಲಿಗೋ ಹೋಯಿತು. ನಿನ್ನ ವಿಷಯಕ್ಕೆ ಬರೋಣ.

ಮುಖ ನಿನ್ನದು, ಮದುವೆ ನಿನ್ನದು, ಕ್ರೀಮು ಬಿಡುವುದೋ ಹಚ್ಚುವುದೋ ನಿನ್ನ ಇಷ್ಟ. ಒತ್ತಾಯವಿಲ್ಲ. ಆದರೆ ನಾಳೆ ಬೆಳಿಗ್ಗೆ ಎದ್ದು ಆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗತಕ್ಕದ್ದು. ಎಸೆಯಬೇಡ, ಅವರು ನೋಡಬೇಕು. ಎಷ್ಟು ದಿನದಿಂದ ಹಚ್ಚುತ್ತಿದ್ದೀಯ ಎಂಬುದನ್ನು ಕಡಿಮೆ ಮಾಡಿ ಹೇಳಬೇಡ. ಒಮ್ಮೆಲೇ ಬಿಡಬೇಕೋ, ಇಳಿಸುತ್ತಾ ಬಿಡಬೇಕೋ ಅವರು ಹೇಳುತ್ತಾರೆ. ಉರಿ ಇರುವ ಮುಖಕ್ಕೆ ಫೇಶಿಯಲ್ಲು, ಬ್ಲೀಚು, ಸ್ಕ್ರಬ್ಬು ಯಾವುದೂ ಬೇಡ, ಚಿಕ್ಕಮ್ಮನ ಕೈಯದೂ ಬೇಡ. ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ ಬರೆಯಲು ಹೊರಟರೆ ಮದುವೆಯ ದಿನಾಂಕ ಹೇಳು. ಅದನ್ನು ನುಂಗುವಾಗಲೂ ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು, ಮಗುವಿಗೆ ಊನವಾಗಬಹುದು. ಆ ಮಾತ್ರೆಯ ಕಾಲದಲ್ಲಿ ವ್ಯಾಕ್ಸ್ ಮಾಡಿಸಿದರೆ ಚರ್ಮವೇ ಕಿತ್ತು ಬರಬಹುದು.

ಇದು ಮಾಘ, ಮದುವೆ ವೈಶಾಖದಲ್ಲಿ. ಇಷ್ಟು ಸಮಯ ಸಾಕು. ಬೆಳಿಗ್ಗೆ ತಣ್ಣೀರಲ್ಲಿ ಮುಖ ತೊಳೆ. ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುವ ಮಾತಿನ ಸುತ್ತಲೇ 2020ರ ಶಿರಾ ಉಪಚುನಾವಣೆ ನಡೆಯಿತು, ಆದರೂ ನಮ್ಮ ಕಡೆಯ ಎಷ್ಟೋ ಬಚ್ಚಲುಗಳಿಗೆ ಬರುವುದು ಕೊಳವೆಬಾವಿಯ ಗಡಸು ನೀರೇ. ಅದರಲ್ಲಿ ಸೋಪು ನೊರೆಯಾಗದೆ ಚರ್ಮದ ಮೇಲೆ ಅಂಟಿ ನಿಲ್ಲುತ್ತದೆ, ಮುಖ ಬಿಗಿಯುತ್ತದೆ. ಅದಕ್ಕೆ ಸೋಪಿನ ಬದಲು ಮೃದುವಾದ ಫೇಸ್‌ವಾಶ್, ಅದೂ ದಿನಕ್ಕೆ ಎರಡೇ ಸಲ. ಒರೆಸಿ ಹಸಿ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚು. ಹಿಮ್ಮಡಿ ಒಡೆದಿದ್ದರೆ ರಾತ್ರಿ ವ್ಯಾಸಲೀನು, ಮೇಲೆ ಕಾಲುಚೀಲ. ಇಷ್ಟಕ್ಕೆ ದುಡ್ಡೂ ಹೆಚ್ಚು ಬೇಡ.

ಸನ್‌ಸ್ಕ್ರೀನ್ ಮಾತ್ರ ತಪ್ಪಿಸಬೇಡ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಹಾಕಿದ್ದಾರೆಂದರೆ ನಮ್ಮ ಬಿಸಿಲು ಎಂಥದೆಂದು ಬೇರೆ ಹೇಳಬೇಕೆ? ಎಸ್‌ಪಿಎಫ್ 30 ಸಾಕು, ಅಷ್ಟಕ್ಕೇ ಸುಡುವ ಯುವಿಬಿ ಕಿರಣದಲ್ಲಿ ನೂರಕ್ಕೆ 97 ಪಾಲು ತಡೆಯುತ್ತದೆ. ಕಡಲೆಬೇಳೆಯಷ್ಟು ಮುಟ್ಟಿಸಿದರೆ ಆಗದು. ತೋರುಬೆರಳು, ಮಧ್ಯದ ಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ ಮುಖ ಕತ್ತಿಗೆಲ್ಲ ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಬಂಗು ಇದ್ದರೆ ಐರನ್ ಆಕ್ಸೈಡ್ ಇರುವ ಟಿಂಟೆಡ್ ಸನ್‌ಸ್ಕ್ರೀನ್ ಕೇಳು, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ. ಸ್ಕೂಟರಿನಲ್ಲಿ ಹೋಗುವಾಗ ಹತ್ತಿಯ ದುಪಟ್ಟಾ ಸುತ್ತಿಕೋ.

ಅಜ್ಜಿ ಕಾಲದ್ದೆಲ್ಲ ಒಳ್ಳೆಯದು ಎಂದೂ ನಂಬಬೇಡ. ಕಡಲೆಹಿಟ್ಟು ಮೊಸರು ಹಚ್ಚಿ ತೊಳೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬಂದು ಕಪ್ಪು ಕಲೆ ಉಳಿಯಬಹುದು.

ಇನ್ನೊಂದು ವಿಷಯ ಫೋನಿನಲ್ಲಿ ಹೇಳಲಾಗಲಿಲ್ಲ. ಹುಡುಗನ ಮನೆಯವರು ಬಣ್ಣದ ಬಗ್ಗೆ ಏನೋ ಅಂದರಂತೆ, ನಿಮ್ಮಮ್ಮ ಬಾಯಿ ಬಿಟ್ಟಳು. ಅದಕ್ಕೇ ಆ ಡಬ್ಬಿ ಎಂದು ಗೊತ್ತಾದ ಮೇಲೆ ಬೈದಿದ್ದು ಹೆಚ್ಚಾಯಿತೇನೋ ಅನಿಸಿತು. ಹೊಟ್ಟೆಯುರಿದು ಬೈದದ್ದು ಕಣೇ, ನಿನ್ನ ಮೇಲಿನ ಕೋಪವಲ್ಲ. ಆ ಮಾತನ್ನು ನಿಮ್ಮಪ್ಪ ಅವರ ಜೊತೆ ಕೂತು ಆಡಲಿ. ಬೇಕಾದರೆ ಚಿಕ್ಕಮ್ಮನೂ ಬಂದು ಕೂರುತ್ತಾಳೆ.

ಮೇಕಪ್ ಮಾಡುವವರಿಗೆ ಈಗಲೇ ಹೇಳಿಡು: ಫೌಂಡೇಶನ್ ನಿನ್ನ ಕತ್ತಿನ ಬಣ್ಣದ್ದೇ ಇರಬೇಕು, ಒಂದು ಚೂರೂ ಬಿಳಿ ಬೇಡ. ಅದನ್ನು ಹಗಲು ಬೆಳಕಿನಲ್ಲಿ ದವಡೆಯ ಮೇಲೆ ಹಚ್ಚಿ ನೋಡಲಿ. ಹೊಸದು ಏನೇ ಹಚ್ಚುವುದಿದ್ದರೂ ಚಪ್ಪರದ ಹಿಂದಿನ ದಿನ ಬೇಡ, ಒಂದು ತಿಂಗಳು ಮೊದಲೇ ಆಗಲಿ.

ಇಂತಿ ನಿನ್ನ ಪ್ರೀತಿಯ ಚಿಕ್ಕಮ್ಮ,
ಮಧುಗಿರಿ

ತಾ.ಕ.: ನಿಮ್ಮಮ್ಮ ಮದುವೆಗೆಂದು ಕೂದಲಿಗೆ ಕಪ್ಪು ಮೆಹೆಂದಿ ಹಾಕುತ್ತಾಳಂತೆ. ಅದರ ಕಪ್ಪಿಗೆ ಹೆಚ್ಚಾಗಿ ಹಾಕುವುದು ಪಿಪಿಡಿ ಎಂಬ ರಾಸಾಯನಿಕ, ಒಗ್ಗದವರ ಮುಖ ಊದಿ ಕಣ್ಣೇ ಮುಚ್ಚಿಹೋಗುತ್ತದೆ. ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ 48 ಗಂಟೆ ಕಾಯಲು ಹೇಳು. ತುರಿಸಿದರೆ ಡಬ್ಬವನ್ನು ಅಂಗಡಿಗೆ ವಾಪಸ್ಸು ಕೊಡಲಿ, ಬಿಲ್ಲು ಎತ್ತಿಟ್ಟಿರಲಿ.