ಬೇರು ವಾಪಸ್ ಹೋಯ್ತಾ, ಮಿಸ್?

ಅಭ್ಯಾಸ ಬೋಧನೆಯಲ್ಲಿ 7ನೇ ತರಗತಿಗೆ ಹೆಸರುಕಾಳು ಮೊಳಕೆಯೊಡೆಯುವ ಪಾಠ ಮಾಡಿದೆ. ಮಕ್ಕಳು ಐದು ದಿನ ಮನೆಯ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು, ಡಿಜಿಕ್ಯಾಮ್ ತಂತ್ರಾಂಶದಲ್ಲಿ ದಿನಾಂಕದ ಪ್ರಕಾರ ಜೋಡಿಸಿದ್ದೆ. ಪರದೆಯ ಮೇಲೆ ಉದ್ದ ಬೇರಿನ ನಂತರ ಗಿಡ್ಡ ಬೇರು ಬಂತು. "ಬೇರು ವಾಪಸ್ ಹೋಯ್ತಾ, ಮಿಸ್?" ಎಂದಳು ಒಬ್ಬ ಹುಡುಗಿ. "ಉದ್ದ ನೋಡ್ಕೊಂಡು ಜೋಡಿಸೋಣ ಮಿಸ್" ಎಂದ ಇನ್ನೊಬ್ಬ. ನಾನೂ ಹಾಗೇ ಮಾಡಹೊರಟು ತಡೆದೆ. ಬೇರು ದಿನದಿನಕ್ಕೆ ಬೆಳೆಯುತ್ತದೆಯೇ ಎಂದು ಫೋಟೋಗಳಿಂದಲೇ ತಿಳಿಯಬೇಕಿತ್ತು. ಉತ್ತರವನ್ನು ಮೊದಲೇ ಇಟ್ಟುಕೊಂಡು ಜೋಡಿಸಿದರೆ ಅದು ವೀಕ್ಷಣೆಯಲ್ಲ.

ಕಾರಣ ಸಂಜೆ ತಿಳಿಯಿತು. ಫೋಟೋ ತೆಗೆದ ದಿನ, ಸಮಯವನ್ನು ಕ್ಯಾಮೆರಾ ಎಕ್ಸಿಫ್ ಮಾಹಿತಿಯಾಗಿ ಚಿತ್ರದ ಕಡತದೊಳಗೇ ಬರೆದಿಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಡಿಜಿಕ್ಯಾಮ್‌ಗೆ ಸಿಕ್ಕಿದ್ದು ಕಡತ ನನ್ನ ಮೊಬೈಲಿಗೆ ಬಂದ ಹೊತ್ತು ಮಾತ್ರ.

ಮರುದಿನ ಮೂಲ ಫೋಟೋಗಳನ್ನು ಡಾಕ್ಯುಮೆಂಟ್ ಆಗಿ ತರಿಸಿ, ಮಕ್ಕಳಿಂದಲೇ 'ದಿನ 1', 'ದಿನ 2' ಎಂದು ಟ್ಯಾಗ್ ಹಾಕಿಸಿದೆ. ಬೇರು ಮುಂದಕ್ಕೇ ಬೆಳೆದಿತ್ತು.

ಮುಂದಿನ ಸಲ ಕಾಳಿನ ಪಕ್ಕ ದಿನಾಂಕದ ಚೀಟಿ, ಸ್ಕೇಲು ಇಟ್ಟೇ ಫೋಟೋ ತೆಗೆಸುತ್ತೇನೆ. ಆ ಚೀಟಿಯನ್ನು ಯಾವ ಆ್ಯಪ್ ಕೂಡ ಅಳಿಸಲಾರದು.